ಊರಿನ ಲೆಕ್ಕದಲ್ಲಿ ನೀವೂ ಇದ್ದೀರಿ

ಪ್ರೀತಿಯ ಪುಟ್ಟಿ,

ನಿನ್ನ ಕರಡು ವರದಿ ತಲುಪಿತು. ನಿನ್ನೆ ರಾತ್ರಿಯೇ ಓದಿ ಮುಗಿಸಿದೆ. ಮುಂದೆ ಕೋವಿಡ್‌ನಂಥ ಇನ್ನೊಂದು ಸಾಂಕ್ರಾಮಿಕ ಬಂದರೆ ಕಾಲೇಜು ಹೇಗೆ ನಡೆದುಕೊಳ್ಳಬೇಕು ಅಂತ ವಿದ್ಯಾರ್ಥಿಗಳೇ ಕೂತು ಬರೆಯುತ್ತಿದ್ದೀರಲ್ಲ, ತುಂಬಾ ಖುಷಿಯಾಯಿತು. ಆದರೆ ಎರಡನೇ ಪುಟದಲ್ಲಿ ಒಂದು ಸಾಲಿದೆ: 'ಹಾಸ್ಟೆಲಿನ ಪ್ರಕರಣಗಳನ್ನು ಊರಿನ ಲೆಕ್ಕಕ್ಕೆ ಸೇರಿಸಬಾರದು.' ಅದನ್ನು ಓದಿದ ಮೇಲೆ ಸುಮ್ನೆ ಮಲಗಲು ಆಗಲಿಲ್ಲ. ಅದಕ್ಕೇ ಬೆಳಿಗ್ಗೆ ಎದ್ದು ಬರೆಯಲು ಕೂತೆ.

ನಿನ್ನ ಸಿಟ್ಟು ನನಗೆ ಗೊತ್ತು. ಊರಲ್ಲಿ ಸೋಂಕು ಏರಿದ ಕೂಡಲೇ ಎಲ್ಲರೂ ಹಾಸ್ಟೆಲ್ ಕಡೆ ಬೆರಳು ತೋರಿಸುತ್ತಾರೆ. ಅಂಗಡಿ ಮುಚ್ಚಿದ್ದು ಈ ಹುಡುಗರಿಂದ, ನಮ್ಮ ಅಜ್ಜ ಒಳಗೇ ಕೂರಬೇಕಾಗಿದ್ದು ಈ ಹುಡುಗರಿಂದ ಅಂತಾರೆ. ಅದನ್ನು ಕೇಳಿಸಿಕೊಂಡು ಬೆಳೆದವರಿಗೆ 'ಹಾಗಾದರೆ ನಮ್ಮನ್ನು ಲೆಕ್ಕದಿಂದಲೇ ತೆಗೆಯಿರಿ' ಅನ್ನಿಸುವುದು ಸಹಜ. ಆದರೆ ಲೆಕ್ಕದಿಂದ ತೆಗೆದರೆ ಮೊದಲು ಪೆಟ್ಟು ಬೀಳುವುದು ನಿಮಗೇ. ಹೇಗೆ ಅಂತ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದು.

ಮೊದಲು ನಿನ್ನ ವಾದದಲ್ಲಿ ಸರಿ ಇರುವುದನ್ನು ಒಪ್ಪಿಕೊಳ್ಳುತ್ತೇನೆ. ಒಂದು ಲಕ್ಷ ಜನರ ಊರು ಅಂದುಕೋ. ಅದರಲ್ಲಿ 20,000 ವಿದ್ಯಾರ್ಥಿಗಳು. ಒಂದು ವಾರ 400 ವಿದ್ಯಾರ್ಥಿಗಳಿಗೆ, ಉಳಿದ ಊರಿನಲ್ಲಿ 80 ಜನರಿಗೆ ಸೋಂಕು ಬಂತು. ಊರಿನ ದರ ಲಕ್ಷಕ್ಕೆ 480. ಇಡೀ ಊರಿಗೆ ಬೆಂಕಿ ಬಿದ್ದ ಹಾಗೆ ಕಾಣುತ್ತದೆ. ಬಿಡಿಸಿ ನೋಡಿದರೆ ವಿದ್ಯಾರ್ಥಿಗಳಲ್ಲಿ ಲಕ್ಷಕ್ಕೆ 2,000, ಉಳಿದವರಲ್ಲಿ ಲಕ್ಷಕ್ಕೆ 100. ಎರಡು ಬೇರೆ ಬೇರೆ ಊರುಗಳ ಹಾಗಿದೆ, ಅಲ್ವಾ? 480 ಅನ್ನುವ ಅಂಕಿ ಈ ಎರಡರಲ್ಲಿ ಯಾವುದರ ಕಥೆಯನ್ನೂ ಹೇಳುವುದಿಲ್ಲ.

ಈಗ ರಜೆ ಬಂತು. ಹುಡುಗರೆಲ್ಲ ಮನೆಗೆ ಹೋದರು. ಊರಿನಲ್ಲಿ ಅದೇ 80 ಪ್ರಕರಣ. ಆದರೆ ಕೆಳಗಿನ ಅಂಕಿ, ಅಂದರೆ ಜನಸಂಖ್ಯೆ, ಕಾಗದದ ಮೇಲೆ ಇನ್ನೂ ಒಂದು ಲಕ್ಷವೇ. ದರ ಲಕ್ಷಕ್ಕೆ 80 ಅಂತ ಬರುತ್ತದೆ. ನಿಜವಾಗಿ ಅಲ್ಲಿ ಉಳಿದವರು 80,000 ಜನ, ಅವರ ಪಾಲಿಗೆ ದರ 100. ಊರು ಇರುವುದಕ್ಕಿಂತ ಚೆನ್ನಾಗಿ ಕಾಣಿಸುತ್ತದೆ. ಓದುವ ಹುಡುಗರು ಜಾಸ್ತಿ ಇರುವ ಊರುಗಳ ಅಂಕಿ ಹೀಗೆ ಎರಡೂ ಕಡೆಗೆ ವಾಲುತ್ತದೆ. ಅದಕ್ಕೇ ಆ ಅಂಕಿಯನ್ನು ಹಾಗೇ ನಂಬಿ ನಿರ್ಬಂಧ ಹಾಕುವುದು ತಪ್ಪು ಅಂತ ನೀನು ಬರೆದದ್ದು ಸರಿ.

ಇನ್ನು ನಾನು ಕಣ್ಣಾರೆ ಕಂಡ ಒಂದು ವಿಷಯ. ಕೋವಿಡ್ ಬಂದ ವರ್ಷ ನಾನು ಸೋಂಕು ಬಂದವರಿಗೆ ಫೋನ್ ಮಾಡಿ ಅವರ ಸಂಪರ್ಕದಲ್ಲಿದ್ದವರ ಪಟ್ಟಿ ಮಾಡುತ್ತಿದ್ದೆ ಅನ್ನುವುದು ನಿನಗೆ ಗೊತ್ತು. ಒಂದು ಮಧ್ಯಾಹ್ನ ಹತ್ತೊಂಬತ್ತು ವರ್ಷದ ಹುಡುಗಿಯ ಹೆಸರು ಬಂತು. ವಿಳಾಸ ಒಂದು ಪುಟ್ಟ ಹಳ್ಳಿಯದು. ನಕ್ಷೆಯಲ್ಲಿ ಆ ಹಳ್ಳಿಯ ಮೇಲೆ ಆಗಲೇ ಕೆಂಪು ಚುಕ್ಕೆ ಬಿದ್ದಿತ್ತು. ಫೋನ್ ಮಾಡಿ 'ಮನೆಯಲ್ಲಿ ಎಷ್ಟು ಜನ ಇದ್ದೀರಮ್ಮ?' ಅಂತ ಕೇಳಿದೆ. ಅವಳು ಪಿಸುಗುಟ್ಟಿದಳು: 'ನಾನು ಮನೆಯಲ್ಲಿಲ್ಲ ಮೇಡಂ. ಹಾಸ್ಟೆಲಲ್ಲಿ ಇದ್ದೀನಿ. ಮನೆಗೆ ಹೋಗಿ ಏಳು ತಿಂಗಳಾಯ್ತು.'

ಯಾಕೆ ಪಿಸುಗುಟ್ಟುತ್ತೀಯ ಅಂದೆ. ರೂಮಿನಲ್ಲಿ ಇನ್ನೂ ಮೂವರಿದ್ದಾರೆ, ತನ್ನಿಂದ ಅವರೂ ಎರಡು ವಾರ ಒಳಗಿರಬೇಕಾಗುತ್ತದೆ, ಪರೀಕ್ಷೆ ಮಾಡಿಸಿಕೊಂಡದ್ದನ್ನು ಯಾರಿಗೂ ಹೇಳಿಲ್ಲ ಅಂದಳು. ಅವಳು ಮಾತಾಡುತ್ತಿರುವಾಗಲೇ ಹಿಂದೆ ಯಾರೋ ಕೆಮ್ಮಿದರು. ಒಂದು ಸಲ ಅಲ್ಲ, ಮೂರು ನಾಲ್ಕು ಸಲ. ನಾವಿಬ್ಬರೂ ಅದನ್ನು ಕೇಳಿಸಿಕೊಂಡು ಒಂದು ಕ್ಷಣ ಸುಮ್ಮನಾದೆವು.

ಅವಳು ಏಳು ತಿಂಗಳಿಂದ ಕಾಲಿಡದ ಹಳ್ಳಿಗೆ ಕೆಂಪು ಚುಕ್ಕೆ ಬಿತ್ತು. ಅವಳು ಮಲಗಿದ್ದ ಹಾಸ್ಟೆಲಿನ ಬೀದಿ ನಕ್ಷೆಯಲ್ಲಿ ಇನ್ನೂ ಎರಡು ದಿನ ಬೆಳ್ಳಗೇ ಇತ್ತು. ಆ ಎರಡು ದಿನ ಆ ಬೀದಿಗೆ ಯಾರೂ ಹೋಗಲಿಲ್ಲ. ಲೆಕ್ಕದಿಂದ ಹೊರಗಿರುವುದು ಅಂದರೆ ಇದೇ ಕಣೆ. ಬೈಗುಳ ತಪ್ಪುತ್ತದೆ ನಿಜ, ಜೊತೆಗೆ ಸಹಾಯವೂ ತಪ್ಪುತ್ತದೆ.

ಇದು ನಾನು ಕಂಡ ಒಂದು ಮೂಲೆಯ ಕಥೆ ಮಾತ್ರ ಅಂದುಕೊಳ್ಳಬೇಡ. 2020ರಲ್ಲಿ ಇಂಗ್ಲೆಂಡಿನಲ್ಲಿ ಇದೇ ಗೊಂದಲ ದೇಶದ ಮಟ್ಟದಲ್ಲಿ ಆಯಿತು. ಅಲ್ಲಿ ತುಂಬಾ ವಿದ್ಯಾರ್ಥಿಗಳ ಹೆಸರು ತಂದೆತಾಯಿಯ ಊರಿನ ವೈದ್ಯರ ಬಳಿಯೇ ನೋಂದಣಿಯಾಗಿತ್ತು. ಅವರು ಓದುವ ಊರಿನಲ್ಲಿ ಪಾಸಿಟಿವ್ ಬಂದರೂ ಪ್ರಕರಣ ಮನೆಯ ಊರಿನ ಖಾತೆಗೆ ಹೋಗುತ್ತಿತ್ತು. ಅಕ್ಟೋಬರ್ 14ರಿಂದ ಅಲ್ಲಿ ಒಂದೊಂದು ಪ್ರದೇಶಕ್ಕೆ ಒಂದೊಂದು ಮಟ್ಟದ ನಿರ್ಬಂಧ ಇತ್ತು. ಯಾವ ಊರಿಗೆ ಯಾವ ಮಟ್ಟ ಅಂತ ನಿರ್ಧರಿಸಲು ನೋಡುತ್ತಿದ್ದ ಅಂಕಿಗಳಲ್ಲೇ ಈ ತಪ್ಪಿತ್ತು. ನವೆಂಬರ್ 16ರಂದು ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಕ್ರಮ ಬದಲಾಯಿಸಿತು. ಪರೀಕ್ಷೆಯ ಹೊತ್ತಿನಲ್ಲಿ ಕೊಟ್ಟ ವಿಳಾಸಕ್ಕೇ ಮೊದಲ ಮಾನ್ಯತೆ ಅಂತಾಯಿತು. ಒಂದು ವಿಳಾಸದ ಖಾನೆ ಎಷ್ಟು ಜನರ ಬದುಕನ್ನು ಅಲ್ಲಾಡಿಸುತ್ತದೆ ನೋಡು.

ಈಗ ನಿನ್ನ ವಾದದ ಬುಡಕ್ಕೆ ಬರುತ್ತೇನೆ. 'ನಾವು ನಮ್ಮೊಳಗೇ ಇರುತ್ತೇವೆ, ನಮ್ಮ ಸೋಂಕು ನಮ್ಮಲ್ಲೇ ಸುತ್ತುತ್ತದೆ' ಅಂತ ಬರೆದಿದ್ದೀಯ. ಇದು ಕೆಲವು ಕಡೆ ನಿಜವಾಯಿತು, ಕೆಲವು ಕಡೆ ಆಗಲಿಲ್ಲ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಆ ಅವಧಿಯಲ್ಲಿ ವೈರಸ್ಸಿನ ಜೀನೋಮ್, ಅಂದರೆ ಅದರ ವಂಶವಾಹಿಗಳ ಪೂರ್ತಿ ಬರಹ, ಓದಿ ನೋಡಿದರು. ವಿದ್ಯಾರ್ಥಿಗಳಲ್ಲಿ ಬಂದ ಸೋಂಕಿನ ಬಹುಪಾಲು ಒಂದೇ ಬಳ್ಳಿಯದು, ಅಂದರೆ ವೈರಸ್ಸಿನ ಒಂದೇ ವಂಶದ್ದು. ಅದು ಊರಿನ ಉಳಿದ ಜನರಿಗೆ ದಾಟಿದ ಗುರುತು ಕಡಿಮೆ. ಅಲ್ಲಿ ಲಕ್ಷಣ ಇಲ್ಲದವರಿಗೂ ವಾರವಾರ ಪರೀಕ್ಷೆ ಇತ್ತು ಅನ್ನುವುದನ್ನು ಮರೆಯಬೇಡ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲಾ ಕ್ರಾಸ್ ಊರಿನಲ್ಲಿ ಬೇರೆಯೇ ಆಯಿತು. 2020ರ ಸೆಪ್ಟೆಂಬರಿನಲ್ಲಿ ಕಾಲೇಜು ತೆರೆದ ಮೇಲೆ ಹುಡುಗರಲ್ಲಿ ಸೋಂಕು ದಿಢೀರ್ ಏರಿತು. ಅವರಲ್ಲಿ ಸುತ್ತುತ್ತಿದ್ದ ಅದೇ ಬಳ್ಳಿ ವೃದ್ಧರ ಆರೈಕೆ ಮನೆಗಳಲ್ಲೂ ಸಿಕ್ಕಿತು. ಯಾವ ಹುಡುಗನೂ ಬೇಕು ಅಂತ ಅಲ್ಲಿಗೆ ಸೋಂಕು ಒಯ್ದಿರಲಿಲ್ಲ. ಊಟ ಬಡಿಸುವ ಕೈ, ಸಂಜೆ ಪಾಳಿಯ ಕೆಲಸ, ಒಂದೇ ಮನೆಯಲ್ಲಿರುವ ಅಣ್ಣ ತಂಗಿ, ಒಂದೇ ಬಸ್ಸು, ಸೋಂಕು ದಾಟುವುದಕ್ಕೆ ಇಷ್ಟು ಸಾಕು. ನಿನ್ನ ಗೆಳತಿಯರಲ್ಲೇ ಎಷ್ಟು ಜನ ಓದಿನ ಜೊತೆ ಕೆಲಸ ಮಾಡುತ್ತಾರೆ, ಒಮ್ಮೆ ಎಣಿಸು.

ಒಟ್ಟಾರೆ ಚಿತ್ರವೂ ಇದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ದೊಡ್ಡ ವಿಶ್ವವಿದ್ಯಾಲಯಗಳಿರುವ ಕೌಂಟಿಗಳಲ್ಲಿ, ಅಂದರೆ ನಮ್ಮ ಜಿಲ್ಲೆಯಂಥ ಪ್ರದೇಶಗಳಲ್ಲಿ, ತರಗತಿ ಶುರುವಾಗುವ ಮುಂಚಿನ ಮೂರು ವಾರ, ಆಮೇಲಿನ ಮೂರು ವಾರ ಹೋಲಿಸಿತು. ನೇರ ತರಗತಿ ನಡೆದ ಕಡೆ ಸೋಂಕಿನ ದರ ಸುಮಾರು ಶೇ 56 ಏರಿತು. ಆನ್‌ಲೈನ್ ಪಾಠ ಇದ್ದ ಕಡೆ ಸುಮಾರು ಶೇ 18 ಇಳಿಯಿತು. ಇಷ್ಟು ದೊಡ್ಡ ವ್ಯತ್ಯಾಸ ಇರುವಾಗ 'ನಮಗೂ ಊರಿಗೂ ಸಂಬಂಧವಿಲ್ಲ' ಅಂದರೆ ಯಾರೂ ಒಪ್ಪುವುದಿಲ್ಲ ಪುಟ್ಟಿ. ಏರಿದ್ದರಲ್ಲಿ ಒಂದು ಪಾಲು ಪರೀಕ್ಷೆ ಜಾಸ್ತಿ ಮಾಡಿದ್ದರಿಂದ ಇರಬಹುದು. ಪೂರ್ತಿ ಅದೇ ಅನ್ನಲು ಆಗುವುದಿಲ್ಲ.

ಹಾಗಾದರೆ ಏನು ಕೇಳಬೇಕು? ವಿದ್ಯಾರ್ಥಿಗಳನ್ನು ಹೊರಗಿಡಿ ಅನ್ನಬೇಡ. ಲೆಕ್ಕವನ್ನು ವಯಸ್ಸಿನ ಪ್ರಕಾರ ಬಿಡಿಸಿ ತೋರಿಸಿ ಅನ್ನು. ಇದು ನಾನು ಹೊಸದಾಗಿ ಕಂಡುಹಿಡಿದದ್ದಲ್ಲ. 2020ರ ಡಿಸೆಂಬರ್ 2ರಿಂದ ಜಾರಿಗೆ ಬಂದ ಇಂಗ್ಲೆಂಡಿನ ನಿರ್ಬಂಧದ ಮಟ್ಟಗಳನ್ನು ನಿರ್ಧರಿಸಲು ಐದು ಅಳತೆಗಳಿದ್ದವು: ಎಲ್ಲ ವಯಸ್ಸಿನವರ ದರ, 60 ದಾಟಿದವರ ದರ, ದರ ಏರುವ ಅಥವಾ ಇಳಿಯುವ ವೇಗ, ನೂರು ಪರೀಕ್ಷೆಗೆ ಎಷ್ಟು ಪಾಸಿಟಿವ್ ಅನ್ನುವುದು, ಆಸ್ಪತ್ರೆಗಳ ಮೇಲಿನ ಒತ್ತಡ. 60 ದಾಟಿದವರ ದರವನ್ನು ಬೇರೆಯಾಗಿ ಇಟ್ಟಿದ್ದು ನನಗೆ ಮುಖ್ಯ ಅನ್ನಿಸುತ್ತದೆ. ಹುಡುಗರಲ್ಲಿ ದರ ಏರಿ, ಹಿರಿಯರಲ್ಲಿ ಕೆಳಗೇ ಇದ್ದರೆ ಹಾಸ್ಟೆಲಿನಲ್ಲಿ ಕೆಲಸ ಆಗಬೇಕು, ಊರಿಗೆ ಬೀಗ ಬೇಡ. ಹಿರಿಯರಲ್ಲೂ ಏರಲು ಶುರುವಾದರೆ ಆಗ ಕಾಯುವ ಹಾಗಿಲ್ಲ. ಆ ಅಕ್ಟೋಬರಿನಲ್ಲಿ ಅಲ್ಲಿನ ಉಪ ಮುಖ್ಯ ವೈದ್ಯಾಧಿಕಾರಿ ಜೊನಾಥನ್ ವ್ಯಾನ್-ಟ್ಯಾಮ್ ಸೋಂಕು ಎಳೆಯರಿಂದ ಹಿರಿಯರ ಕಡೆಗೆ ಸರಿಯುತ್ತಿರುವುದನ್ನು ವಯಸ್ಸುವಾರು ಬಣ್ಣದ ಚಿತ್ರದಲ್ಲಿ ತೋರಿಸಿದ್ದರು. ವಿದ್ಯಾರ್ಥಿಗಳ ಅಂಕಿ ತೆಗೆದುಹಾಕಿದ್ದರೆ ಆ ಸರಿಯುವಿಕೆ ಶುರುವಾದದ್ದೇ ಕಾಣುತ್ತಿರಲಿಲ್ಲ.

ಇನ್ನೊಂದು ಮಾತು. ನನ್ನ ಮನಸ್ಸಿಗೆ ಹತ್ತಿರದ್ದು ಇದೇ. ಆ ಹುಡುಗಿ ಪಿಸುಗುಟ್ಟಿದ್ದು ಯಾಕೆ ಅಂತ ನಿನ್ನ ವರದಿಯಲ್ಲಿ ಎಲ್ಲೂ ಬಂದಿಲ್ಲ. 2020ರ ಸೆಪ್ಟೆಂಬರ್ ಕೊನೆಯಲ್ಲಿ ಮ್ಯಾಂಚೆಸ್ಟರ್ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯದಲ್ಲಿ 127 ಜನರಿಗೆ ಸೋಂಕು ಕಂಡಾಗ ಸುಮಾರು 1,700 ವಿದ್ಯಾರ್ಥಿಗಳಿಗೆ ಹದಿನಾಲ್ಕು ದಿನ ರೂಮು ಬಿಟ್ಟು ಬರಬೇಡಿ ಅಂದರು. ಹೆಚ್ಚಿನವರು ಮನೆ ಬಿಟ್ಟು ಬಂದು ಕೆಲವೇ ದಿನ ಆಗಿತ್ತು. ಅವರು ಕಿಟಕಿ ಗಾಜಿನ ಮೇಲೆ ದೊಡ್ಡ ಅಕ್ಷರ ಅಂಟಿಸಿದರು. ಕಾಲೇಜಿನ ಹೆಸರಿನ ಮುಂದೆ ಜೈಲಿನ ಹೆಸರಿಗೆ ಇಡುವ ಅಕ್ಷರಗಳನ್ನು ಸೇರಿಸಿ ಬರೆದರು. ಆ ಕಿಟಕಿಗಳ ಫೋಟೊ ನೋಡಿದಾಗ ನನಗೆ ಹೊಟ್ಟೆ ಕಿವುಚಿದಂತಾಗಿತ್ತು. ಪರೀಕ್ಷೆ ಮಾಡಿಸಿದರೆ ಹೀಗಾಗುತ್ತದೆ ಅಂತ ಗೊತ್ತಾದ ಮೇಲೆ ಮುಂದಿನ ಹುಡುಗ ಕೆಮ್ಮನ್ನು ಮುಚ್ಚಿಡುತ್ತಾನೆ. ಗೆಳೆಯರ ಹೆಸರು ಕೇಳಿದರೆ ಯಾರೂ ಇಲ್ಲ ಅನ್ನುತ್ತಾನೆ. ಅಂಕಿ ಇಳಿದ ಹಾಗೆ ಕಾಣುತ್ತದೆ, ಸೋಂಕು ಇಳಿದಿರುವುದಿಲ್ಲ.

ಅದಕ್ಕೆ ನಿನ್ನ ವರದಿಯಲ್ಲಿ ಇದನ್ನು ಬರೆ: ಒಳಗಿರಬೇಕಾದವರಿಗೆ ಊಟ ಬಾಗಿಲಿಗೆ ಬರಬೇಕು. ಬಟ್ಟೆ ಒಗೆಯುವ ವ್ಯವಸ್ಥೆ ಇರಬೇಕು. ದಿನಕ್ಕೊಮ್ಮೆ ಯಾರಾದರೂ ಹೆಸರು ಹಿಡಿದು ಮಾತಾಡಿಸಬೇಕು. ಕೆಲಸ ಮಾಡಿಕೊಂಡು ಓದುವವರ ಸಂಬಳ ನಿಲ್ಲಬಾರದು. ಕಾಲೇಜು ಪರೀಕ್ಷೆಯ ಹಾಜರಾತಿ ಹೋಗಬಾರದು. ಸೋಂಕು ಬಂದವರಿಗೆ ಬೇರೆ ರೂಮು ಇದ್ದರೆ ಜೊತೆಗಿದ್ದವರು ಹೆದರಿ ಮುಚ್ಚಿಡುವುದಿಲ್ಲ. ಇದಕ್ಕೆ ಖರ್ಚಾಗುತ್ತದೆ, ಆಗಲಿ. ಊರಿನ ಎಲ್ಲ ಅಂಗಡಿ ಎರಡು ವಾರ ಮುಚ್ಚುವ ಖರ್ಚಿನ ಮುಂದೆ ಇದು ತೀರಾ ಚಿಕ್ಕದು. ಊರಿನವರ ಹತ್ತಿರ ಮಾತಾಡುವಾಗ ಈ ಹೋಲಿಕೆ ಹೇಳು, ಕೇಳಿಸಿಕೊಳ್ಳುತ್ತಾರೆ.

ರಜೆಯ ಮಾತನ್ನೂ ಸೇರಿಸು. ಎಲ್ಲರೂ ಒಂದೇ ದಿನ ಮನೆಗೆ ಹೊರಟರೆ ಸೋಂಕು ಒಂದೇ ದಿನ ನೂರು ಊರಿಗೆ ಹೋಗುತ್ತದೆ. ಹೊರಡುವ ಮುಂಚೆ ಮೂರು ದಿನದ ಅಂತರದಲ್ಲಿ ಎರಡು ಪರೀಕ್ಷೆ ಅಂತ ಇಂಗ್ಲೆಂಡಿನಲ್ಲಿ ಆ ಡಿಸೆಂಬರಿನಲ್ಲಿ ವ್ಯವಸ್ಥೆ ಮಾಡಿದ್ದರು. ನಿಮ್ಮ ಕಾಲೇಜೂ ಅಂಥದ್ದನ್ನು ಮೊದಲೇ ಯೋಚಿಸಿಡಲಿ.

ಊರಿನವರ ಬೈಗುಳದ ಬಗ್ಗೆ ನೀನು ಬರೆದ ಭಾಗ ಹಾಗೇ ಇರಲಿ. ಅದರಲ್ಲಿ ಒಂದು ಅಕ್ಷರವೂ ತೆಗೆಯಬೇಡ. ಅದು ನಿನಗಾದ ನೋವು, ನೀನೇ ಹೇಳಬೇಕು.

ಎರಡನೇ ಪುಟದ ಆ ಸಾಲನ್ನು ಮಾತ್ರ ತಿದ್ದಿ, ಆಮೇಲೆ ಸಹಿಗೆ ಕಳಿಸು. ಅಷ್ಟರೊಳಗೆ ನಿನ್ನ ರೂಮಿನ ನಾಲ್ವರೂ ಆರೋಗ್ಯ ಕಾರ್ಡಿನಲ್ಲಿ ಯಾವ ಊರಿನ ವಿಳಾಸ ಕೊಟ್ಟಿದ್ದೀರಿ ಅಂತ ಒಮ್ಮೆ ತೆಗೆದು ನೋಡಿ.

ನಿನ್ನ,
ದೊಡ್ಡಮ್ಮ