ನೆಟ್ಟಗಿರು ಮಗಳೇ

ಶನಿವಾರಸಂತೆ

ಪ್ರೀತಿಯ ಮಗಳೇ,

ಕುಶಾಲನಗರದ ಕಾಫಿ ಖರೀದಿ ಡಿಪೋದಲ್ಲಿ ನಿನಗೆ ಓಟಿ, ಅಂದರೆ ಚೆರಿಯಿಂದ ಎಷ್ಟು ಬೀಜ ಸಿಗುತ್ತದೆಂದು ನೋಡುವ ಕೆಲಸವನ್ನೇ ಕೊಟ್ಟಿದ್ದಾರೆ ಎಂದು ಅಪ್ಪ ಹೇಳಿದರು. ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಇದು, ಅದಕ್ಕೇ ಬರೆಯುತ್ತಿದ್ದೇನೆ.

ನೆಟ್ಟಗೆ ಕೂತ್ಕೋ, ಸ್ಕೂಲು ಬಿಟ್ಟ ಮೇಲೆ ನೆಟ್ಟಗೆ ಮನೆಗೆ ಬಾ, ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡು ಎಂದೆಲ್ಲ ಹೇಳುತ್ತಲೇ ನಿನ್ನನ್ನು ಬೆಳೆಸಿದೆವು. ಹೆಣ್ಣುಮಕ್ಕಳಿಗೆ ಈ ಮಾತು ಬೆನ್ನು ಮತ್ತು ದಾರಿಯ ಆಚೆಗೆ ಹೋಗುವುದೇ ಕಡಿಮೆ. ಗಂಡಸರ ಬಗ್ಗೆ ಮಾತ್ರ "ಆಸಾಮಿ ವ್ಯವಹಾರದಲ್ಲಿ ನೆಟ್ಟಗಿದ್ದಾನೆ" ಎನ್ನುತ್ತಾರೆ. ಆ ಮಾತು ನಿನ್ನ ಬಗ್ಗೆಯೂ ಬರಬೇಕು.

ಲೆಕ್ಕ ನಿನಗೆ ಗೊತ್ತೇ ಇದೆ. 50 ಕಿಲೋದ ಒಂದು ಮೂಟೆ ರೋಬಸ್ಟಾ ಚೆರಿಯ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ, ಸಿಪ್ಪೆ ಬಿಡಿಸಿದಾಗ 28 ಕಿಲೋ ಬೀಜ ಸಿಕ್ಕಿದರೆ ಅದು 28 ಓಟಿ. ನೀನು 27 ಎಂದು ಬರೆದರೆ, 100 ಮೂಟೆ ತಂದವನ 100 ಕಿಲೋ ಬೀಜ ಒಂದು ಗೀಟಿನಲ್ಲಿ ಹೋಗುತ್ತದೆ. ವರ್ಷವಿಡೀ ಗಿಡ ಸವರುವ ಕಪಾತು, ಗೊಬ್ಬರ, ಕೊಯ್ಲಿನ ಕೂಲಿ ಅಂತ ಸುರಿದವನು ಅವನು. ಆದ್ದರಿಂದ ಅವನ ಎದುರಿಗೇ ಸ್ಯಾಂಪಲ್ ತೆಗೆ. ಮೇಲಿನ ಒಂದೇ ಮೂಟೆಗೆ ಚುಚ್ಚಬೇಡ, ಅಡಿಯಲ್ಲಿರುವುದಕ್ಕೂ ಕೈ ಹಾಕು. ಬೋರರ್ ಹುಳು ಕೊರೆದ ಬೀಜವನ್ನು ಬೇರೆ ಮಾಡಿದಾಗ ಅವನ ಅಂಗೈಯಲ್ಲಿಟ್ಟು ತೋರಿಸು. ತೇವಾಂಶದ ಮೀಟರನ್ನು ಅವನ ಕಡೆ ತಿರುಗಿಸಿಡು. ಚೆರಿ ಸರಿಯಾಗಿ ಒಣಗಿಲ್ಲದಿದ್ದರೆ ಅದನ್ನೂ ಹೇಳು. ಪಾಪ ಅನ್ನಿಸಿತೆಂದು ಏರಿಸಿ ಬರೆದರೂ ಅದು ಸುಳ್ಳೇ.

ಹೇಳುವ ರೀತಿ ಮಾತ್ರ ಮೃದುವಾಗಿರಲಿ. ನಾನು ನೇರ ಮಾತಿನವಳು ಎಂದುಕೊಂಡು ಎಲ್ಲರ ಮನಸ್ಸು ನೋಯಿಸುವವರು ಕಾಫಿ ಗಿಡದ ಕಾಂಡದಿಂದ ಮೇಲಕ್ಕೇಳುವ ಕಂಬಚಿಗುರಿದ್ದ ಹಾಗೆ. ನೆಟ್ಟಗೆ ಏಳುತ್ತದೆ, ಗಿಡದ ಸತ್ವ ಹೀರುತ್ತದೆ, ಫಸಲು ಬರುವುದು ಅಡ್ಡ ಕೊಂಬೆಯಲ್ಲಿ.

ಕಾರ್ಯಪ್ಪನವರು ಹುಟ್ಟಿದ್ದು ನಮ್ಮ ಶನಿವಾರಸಂತೆಯಲ್ಲೇ. ಭಾರತದ ಸೇನೆಗೆ 1949ರಲ್ಲಿ ಮೊದಲ ಭಾರತೀಯ ಮಹಾದಂಡನಾಯಕರಾದದ್ದನ್ನು ಎಲ್ಲರೂ ಹೇಳುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು 1965ರ ಸಂಗತಿ. ವಾಯುಪಡೆಯಲ್ಲಿದ್ದ ಅವರ ಮಗ ಯುದ್ಧದಲ್ಲಿ ಪಾಕಿಸ್ತಾನದ ಸೆರೆಯಾದರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಹಳೆಯ ಪರಿಚಯದ ಮೇಲೆ ಬಿಡುಗಡೆಯ ಮಾತೆತ್ತಿದಾಗ, ಉಳಿದ ಸೆರೆಯಾಳುಗಳಿಗಿಲ್ಲದ ರಿಯಾಯಿತಿ ತಮ್ಮ ಮಗನಿಗೂ ಬೇಡ ಎಂದುಬಿಟ್ಟರು. ಹೆತ್ತ ಕರುಳು ಆಗ ಏನೆಂದಿತೋ!

ನಿನ್ನ ಸೋದರಮಾವನ ಮೂಟೆಗಳೂ ಆ ಡಿಪೋಗೇ ಬರುತ್ತವೆ. ಅರ್ಧ ಓಟಿಗೂ ಮಗಳ ಹತ್ತಿರ ಬಾಯಿಬಿಡಬೇಡ ಎಂದು ಅಣ್ಣನಿಗೆ ಹೇಳಿಟ್ಟಿದ್ದೇನೆ. ಸ್ವಲ್ಪ ಮುಖ ಸಣ್ಣದು ಮಾಡಿಕೊಂಡ, ಪರವಾಗಿಲ್ಲ.

ಇನ್ನು, ಯಾರಾದರೂ ಒಂದು ಓಟಿ ಇಳಿಸಿ ಬರಿ ಎಂದರೆ, ನನ್ನಿಂದ ಆಗಲ್ಲ ಸರ್ ಎಂದು ಹೇಳು. ಕೆಲಸ ಹೋಗುತ್ತದೆ ಅಂತಾದರೆ ಬ್ಯಾಗ್ ತಗೊಂಡು ಸೋಮವಾರಪೇಟೆ ಬಸ್ಸು ಹತ್ತು. ಅಪ್ಪನಿಗೂ ಇದೇ ಮಾತು ಹೇಳಿದ್ದೇನೆ, ಒಪ್ಪಿದ್ದಾರೆ.

ನಿನ್ನ
ಅಮ್ಮ