ಶಿಬಿರದ ಫೋಟೊ ಸರಿ, ಮಂಗಳವಾರ ರಾತ್ರಿಯ ಪ್ಲೇಟ್‌ಲೆಟ್‌ಗೆ ಯಾರು?

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಜೂನ್ 14ಕ್ಕೆ, ಆಮೇಲೆ ಅಕ್ಟೋಬರ್ 1ಕ್ಕೆ ಪತ್ರಿಕೆಗಳಲ್ಲಿ ರಕ್ತದಾನ ಶಿಬಿರದ ಫೋಟೊಗಳು ಬರುತ್ತವೆ. ಮಂಚದ ಮೇಲೆ ಮಲಗಿದ ಹುಡುಗರು, ಪಕ್ಕದಲ್ಲಿ ಶಾಲು ಹೊದ್ದ ಗಣ್ಯರು. ಅದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಏಳು ತಿಂಗಳಿಂದ ನಮ್ಮ ಮನೆಗೆ ಬೇಕಾಗಿರುವುದು ಆ ಫೋಟೊದಲ್ಲಿ ಇಲ್ಲ. ಅದಕ್ಕೇ ಈ ಪತ್ರ.

ಅಪ್ಪನಿಗೆ 68. ಅರಸೀಕೆರೆ ಕಡೆ ತೆಂಗಿನ ತೋಟ ಇದೆ. ಮೊದಲು ಸುಸ್ತು ಅಂದರು. ಆಮೇಲೆ ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ, ಮೊಣಕಾಲಿನ ಕೆಳಗೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳು. ಊರಲ್ಲಿ ಎಲ್ಲರೂ ಡೆಂಗಿ ಅಂದರು. ಬೆಂಗಳೂರಿಗೆ ಕರೆತಂದು, ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ನೋಡಿದ ಮೇಲೆ ಗೊತ್ತಾಗಿದ್ದು ಅಪ್ಲಾಸ್ಟಿಕ್ ಅನೀಮಿಯಾ. ಮೂಳೆಯೊಳಗೆ ರಕ್ತ ತಯಾರಾಗುವ ಜಾಗವೇ ಖಾಲಿ. ಇದು ಕ್ಯಾನ್ಸರ್ ಅಲ್ಲ, ಅಂಟುವುದೂ ಇಲ್ಲ. ಸಾಮಾನ್ಯವಾಗಿ ನಮ್ಮ ಮೈ ಕಾಯಬೇಕಾದ ಕಣಗಳೇ ಮಜ್ಜೆಯ ಮೇಲೆ ತಿರುಗಿ ಬಿದ್ದಿರುತ್ತವೆ. ಚಿಕ್ಕ ವಯಸ್ಸಿನವರಿಗೆ ಒಡಹುಟ್ಟಿದವರ ಮಜ್ಜೆ ಹೊಂದಿದರೆ ಕಸಿ ಮಾಡುತ್ತಾರೆ, ಅಪ್ಪನ ವಯಸ್ಸಿಗೆ ಅದು ಕಷ್ಟ ಅಂದರು. ಬದಲಿಗೆ ತಿರುಗಿ ಬಿದ್ದ ಆ ಕಣಗಳನ್ನು ಅಡಗಿಸಲು ಎಟಿಜಿ ಅಂತ ಕುದುರೆಯ ರಕ್ತದಿಂದ ಮಾಡಿದ ಔಷಧಿಯನ್ನು ನಾಲ್ಕು ದಿನ ಡ್ರಿಪ್ಪಿನಲ್ಲಿ ಕೊಟ್ಟರು. ಕುದುರೆ ಅಂತ ಕೇಳಿದ್ದೇ ಅಪ್ಪ, 'ಹಂಗಾದ್ರೆ ನಾಳೆಯಿಂದ ಹುರುಳಿ ನೆನೆಹಾಕು' ಅಂದರು.

ಅಲ್ಲಿಗೆ ಕಾಯಿಲೆ ಮುಗಿಯಿತು ಅಂತ ನಾನೂ ಅಂದುಕೊಂಡಿದ್ದೆ. ಆದರೆ ಈ ಔಷಧಿ ಕೆಲಸ ಮಾಡಿದೆಯೋ ಇಲ್ಲವೋ ಅಂತ ತಿಳಿಯುವುದಕ್ಕೇ ಮೂರರಿಂದ ಆರು ತಿಂಗಳು ಬೇಕು. ನೆಂಟರ ಫೋನು ಬಂದಾಗೆಲ್ಲ ಒಂದೇ ಪ್ರಶ್ನೆ: ಟ್ರೀಟ್‌ಮೆಂಟ್ ಆಯ್ತಲ್ಲ, ಇನ್ನೂ ಯಾಕೆ ಹುಷಾರಾಗಿಲ್ಲ? ಆ ಪ್ರಶ್ನೆ ಅಪ್ಪನ ಕಿವಿಗೂ ಬೀಳುತ್ತದೆ. ತನ್ನದೇ ಏನೋ ತಪ್ಪಿರಬೇಕು ಅನ್ನುವ ಹಾಗೆ ಗೋಡೆ ಕಡೆ ತಿರುಗಿ ಮಲಗುತ್ತಾರೆ.

ಅಲ್ಲಿಯವರೆಗೆ ಬದುಕಿಸಿ ಇಡುವುದು ಬೇರೆಯವರ ರಕ್ತ. ಕೆಂಪು ರಕ್ತವನ್ನು ಫ್ರಿಜ್ಜಿನಲ್ಲಿ ತಿಂಗಳ ಮೇಲೂ ಇಡಬಹುದು. ಪ್ಲೇಟ್‌ಲೆಟ್, ಅಂದರೆ ರಕ್ತಸ್ರಾವ ನಿಲ್ಲಿಸುವ ಕಣಗಳು, ಹಾಗಲ್ಲ, ಅಲ್ಲಾಡಿಸುವ ಯಂತ್ರದಲ್ಲಿಟ್ಟರೂ ಆಯಸ್ಸು ಸಾಮಾನ್ಯವಾಗಿ ಐದೇ ದಿನ. ಅಕ್ಟೋಬರ್ 1ರಂದು ಇನ್ನೂರು ಜನ ಸಾಲಾಗಿ ಕೊಟ್ಟರೂ ಅದರಿಂದ ತೆಗೆದ ಪ್ಲೇಟ್‌ಲೆಟ್ ಮುಂದಿನ ವಾರಕ್ಕೆ ಇರುವುದಿಲ್ಲ. ಅದಕ್ಕೇ ಎಸ್‌ಡಿಪಿ, ಅಂದರೆ ಸಿಂಗಲ್ ಡೋನರ್ ಪ್ಲೇಟ್‌ಲೆಟ್ ಅಂತ ಮಾಡುತ್ತಾರೆ. ಒಬ್ಬರೇ ದಾನಿ, ಒಂದು ಯಂತ್ರ, ಒಂದು ಒಂದೂವರೆ ಗಂಟೆ. ಪ್ಲೇಟ್‌ಲೆಟ್ ಮಾತ್ರ ತೆಗೆದುಕೊಂಡು ಕೆಂಪು ರಕ್ತವನ್ನು ವಾಪಸ್ ಅದೇ ಮೈಗೆ ಬಿಡುತ್ತಾರೆ, ಹಾಗಾಗಿ ಕೊಟ್ಟವರು ಮತ್ತೆ ಕೊಡಲು ಮೂರು ತಿಂಗಳು ಕಾಯಬೇಕಾಗಿಲ್ಲ. ಇದು ಎಷ್ಟು ಜನಕ್ಕೆ ಗೊತ್ತು? ನನಗಂತೂ ಗೊತ್ತಿರಲಿಲ್ಲ.

ಆಗಸ್ಟಿನ ಒಂದು ಮಂಗಳವಾರ ಅಪ್ಪನ ಪ್ಲೇಟ್‌ಲೆಟ್ ಕೌಂಟ್ ಆರು ಸಾವಿರಕ್ಕೆ ಇಳಿದಿತ್ತು. ಒಂದೂವರೆ ಲಕ್ಷದ ಮೇಲೆ ಇರಬೇಕಾದದ್ದು. ಮೂಗಿನಲ್ಲಿ ರಕ್ತ ನಿಲ್ಲುತ್ತಿಲ್ಲ. ಊರೆಲ್ಲ ಡೆಂಗಿ, ಬ್ಲಡ್ ಬ್ಯಾಂಕಿನಲ್ಲಿ ಒಂದು ಚೀಲವೂ ಇಲ್ಲ, ದಾನಿಯನ್ನು ನೀವೇ ಕರೆತನ್ನಿ ಅಂದರು. ನಾನೇ ಕೊಡುತ್ತೇನೆ ಅಂದೆ, ಈ ಕಾಯಿಲೆಯಲ್ಲಿ ಮಕ್ಕಳದ್ದು ಬೇಡ ಅಂದರು. ಇಪ್ಪತ್ತಮೂರು ಫೋನು ಮಾಡಿದೆ. ಒಬ್ಬರಿಗೆ ಜ್ವರ, ಒಬ್ಬರು ಹಿಂದಿನ ದಿನ ತಲೆನೋವಿಗೆ ಆಸ್ಪಿರಿನ್ ನುಂಗಿದ್ದರು, ಒಬ್ಬ ಹುಡುಗ ಬಂದು ಕೂತು ಸೂಜಿ ನೋಡಿ 'ಅಮ್ಮ ಬೇಡ ಅಂದ್ರು ಅಕ್ಕಾ' ಅಂತ ಎದ್ದು ಹೋದ. ಕೊನೆಗೆ ರಾತ್ರಿ ಹತ್ತೂವರೆಗೆ ಬಂದವನು ಊಟ ತಂದುಕೊಡುವ ಹುಡುಗ, ಡ್ಯೂಟಿ ಮುಗಿಸಿ, ಬೆನ್ನಿಗೆ ಆ ದೊಡ್ಡ ಚೌಕದ ಚೀಲ ಹಾಕಿಕೊಂಡೇ. ಪೆಟ್ರೋಲಿಗೆ ಅಂತ ಕೊಟ್ಟ ದುಡ್ಡನ್ನೂ ಮುಟ್ಟಲಿಲ್ಲ.

ಇನ್ನು ಸಲಹೆಗಳು. ಬೀಟ್‌ರೂಟ್, ದಾಳಿಂಬೆ, ಪಪ್ಪಾಯಿ ಎಲೆಯ ರಸ, ಕಬ್ಬಿಣದ ಟಾನಿಕ್. ಡೆಂಗಿ ಇಳಿದರೆ ಪ್ಲೇಟ್‌ಲೆಟ್ ತಾನಾಗೇ ಏರುತ್ತದೆ, ಪಪ್ಪಾಯಿ ಎಲೆಗೆ ಹೆಸರು ಬರುತ್ತದೆ. ಅಪ್ಪನದು ಹಾಗೆ ತಾನಾಗೇ ಏರುವ ಕಾಯಿಲೆ ಅಲ್ಲ. ಹಾಕಿಸಿಕೊಂಡ ಪ್ರತಿ ಚೀಲ ರಕ್ತದ ಜೊತೆಗೂ ಕಬ್ಬಿಣ ಒಳಗೆ ಹೋಗುತ್ತದೆ, ಅಪ್ಪನ ಮೈಯಲ್ಲಿ ಈಗ ಅದು ಜಾಸ್ತಿಯೇ ಆಗಿದೆ. ಒಬ್ಬರು ಪ್ರೀತಿಯಿಂದ ದೇವನಹಳ್ಳಿ ಚಕ್ಕೋತ ತಂದರು. ಹಣ್ಣುಗಳಲ್ಲಿ ಅದೊಂದನ್ನೇ ಡಾಕ್ಟರು ಹೆಸರು ಹಿಡಿದು ಬೇಡ ಅಂದಿದ್ದು, ಮಜ್ಜೆಯ ಮೇಲೆ ಬೀಳುವ ಕಣಗಳನ್ನು ಅಡಗಿಸಿಡಲು ಅಪ್ಪ ತಗೊಳ್ಳುವ ಸೈಕ್ಲೋಸ್ಪೋರಿನ್ ಮಾತ್ರೆಯ ಮಟ್ಟವನ್ನು ರಕ್ತದಲ್ಲಿ ಏರಿಸಿಬಿಡಬಹುದಂತೆ. ಆ ಮಟ್ಟ ನೋಡಲು ಬೆಳಗಿನ ಮಾತ್ರೆ ನುಂಗುವ ಮೊದಲೇ ರಕ್ತ ತೆಗೆಯಬೇಕು. ಒಂದು ಲ್ಯಾಬಿನವರು 'ಪರವಾಗಿಲ್ಲ, ನುಂಗಿ ಬನ್ನಿ' ಅಂದರು. ರಿಪೋರ್ಟು ವಿಪರೀತ ಹೆಚ್ಚು ಬಂತು, ಎರಡು ದಿನ ಸುಮ್ನೆ ಹೆದರಿ ಕೂತೆವು.

ಆ ಮಾತ್ರೆಯಿಂದ ಕೈ ನಡುಗುತ್ತದೆ. ಮರದ ಮೇಲಿನ ಕಾಯಿ ಬಲಿತಿದೆಯೋ ಇಲ್ಲವೋ ಅಂತ ಕೆಳಗಿಂದಲೇ ಹೇಳುತ್ತಿದ್ದ ಮನುಷ್ಯ ಈಗ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ನಾನು ಅರ್ಧ ಲೋಟ ಮಾತ್ರ ಹಾಕಿಕೊಡುತ್ತೇನೆ, ಎರಡು ಸಲ. ಯಾಕೆ ಅಂತ ಅವರೂ ಕೇಳಿಲ್ಲ, ನಾನೂ ಹೇಳಿಲ್ಲ.

ಸಂಪಾದಕರೇ, ನನ್ನ ಕೋರಿಕೆ ಇಷ್ಟೇ. ಶಿಬಿರದ ಫೋಟೊ ಹಾಕುವಾಗ ಪಕ್ಕದಲ್ಲಿ ನಾಲ್ಕು ಸಾಲು ಜಾಗ ಕೊಡಿ. ಆ ಜಿಲ್ಲೆಯಲ್ಲಿ ಪ್ಲೇಟ್‌ಲೆಟ್ ತೆಗೆಯುವ ಯಂತ್ರ ಯಾವ ಬ್ಲಡ್ ಬ್ಯಾಂಕಿನಲ್ಲಿದೆ, ಹೆಸರು ಬರೆಸಲು ಯಾವ ನಂಬರಿಗೆ ಫೋನು ಮಾಡಬೇಕು ಅಂತ ಹಾಕಿ. ಶಿಬಿರ ಮಾಡುವವರು ಆ ದಿನ ಬಂದವರಲ್ಲಿ ಹತ್ತು ಜನರನ್ನಾದರೂ 'ಕರೆದಾಗ ಬರುತ್ತೀರಾ' ಅಂತ ಕೇಳಿ ಪಟ್ಟಿ ಮಾಡಿಕೊಳ್ಳಲಿ. ನೋಡಲು ಬರುವ ನೆಂಟರಿಗೂ ಒಂದು ಮಾತು. ನೆಗಡಿ ಇದ್ದರೆ ಬರಬೇಡಿ. ಇಲ್ಲದಿದ್ದರೆ ಹಣ್ಣು ತರುವ ಬದಲು ಒಂದು ಮಧ್ಯಾಹ್ನ ಅಪ್ಪನ ಹತ್ತಿರ ಕೂತು ಕೊಬ್ಬರಿ ವಿಷಯ ಮಾತಾಡಿ, ನಾನು ಅಷ್ಟರಲ್ಲಿ ಆಫೀಸಿಗೆ ಹೋಗಿ ಬರುತ್ತೇನೆ.

ಊರಲ್ಲಿದ್ದಾಗ ಅಪ್ಪ ಕ್ಯಾಲೆಂಡರಿನ ಚೌಕದಲ್ಲಿ ತಿಪಟೂರಿನ ಕೊಬ್ಬರಿ ರೇಟು ಬರೆಯುತ್ತಿದ್ದರು. ಇಲ್ಲಿಗೆ ಬಂದ ಮೇಲೆ ಅದೇ ಜಾಗದಲ್ಲಿ ಪ್ಲೇಟ್‌ಲೆಟ್ ಕೌಂಟ್ ಬರೆಯುತ್ತಾರೆ, ಪಕ್ಕದಲ್ಲಿ ಚೀಲ ಹಾಕಿಸಿದ್ದರೆ ಒಂದು ಸೊನ್ನೆ. ಈ ತಿಂಗಳಲ್ಲಿ ಸೊನ್ನೆ ಇಲ್ಲ. ನಿನ್ನೆಯ ಚೌಕದಲ್ಲಿ 31 ಸಾವಿರ ಅಂತಿದೆ, ನಡುಗುವ ಅಕ್ಷರ. ಅದರ ಕೆಳಗೆ, ಏಳು ತಿಂಗಳಲ್ಲಿ ಮೊದಲ ಸಲ, ಕೊಬ್ಬರಿ ರೇಟನ್ನೂ ಬರೆದಿದ್ದಾರೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು, ಬೆಂಗಳೂರು