ಆ ರಾತ್ರಿ ಪಕ್ಕದಲ್ಲಿ ಕೂತವರಿಗೆ

ನಿನ್ನೆ ಡೊಂಬಿವಲಿಯಲ್ಲಿ ನಮ್ಮ ನಾಟಕ ಮತ್ತೆ ರಂಗಕ್ಕೆ ಬಂತು. ನಾಟಕದ ಸಾಮಾನಿಟ್ಟಿದ್ದ ಗೋಡೌನಿಗೆ ಆ ರಾತ್ರಿ ಬೆಂಕಿ ಬಿದ್ದಿದ್ದು ನಿಮಗೆಲ್ಲ ಗೊತ್ತು, ಮತ್ತೆ ಬರೆಯುವುದಿಲ್ಲ. ಸೀರೆ ಕೊಟ್ಟವರು, ಚಂದಾ ಎತ್ತಿದವರು, ತಾಲೀಮಿಗೆ ಮನೆಯ ಹಾಲ್ ಬಿಟ್ಟುಕೊಟ್ಟವರು, ಉಪ್ಪಿಟ್ಟು ಮಾಡಿ ತಂದವರು, ಎಲ್ಲರಿಗೂ ಕೈ ಮುಗಿದೆ.

ನಮ್ಮ ಲೈಟಿನ ಮಾಮನ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯಬೇಕು. ಆ ರಾತ್ರಿ ಎಲ್ಲರೂ ಕೊನೆಯ ಲೋಕಲ್ ಹಿಡಿದು ಹೋದರು. ಮಾಮ ಹೋಗಲಿಲ್ಲ. ಫುಟ್‌ಪಾತ್ ಮೇಲೆ ನನ್ನ ಪಕ್ಕ ಕೂತರು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಸುಮ್ನೆ ಜಮ್‌ಶೆಡ್ ಭಾಭಾ ಅವರ ಕಥೆ ಶುರು ಮಾಡಿದರು.

ವಿಜ್ಞಾನಿ ಹೋಮಿ ಭಾಭಾ ಅವರ ತಮ್ಮ. ಟಾಟಾ ಸಂಸ್ಥೆಯಲ್ಲಿ ದೊಡ್ಡವರು. ಜೆ.ಆರ್.ಡಿ. ಟಾಟಾ ಬೆಂಬಲದಿಂದ 1969ರಲ್ಲಿ ಮುಂಬೈಯಲ್ಲಿ ಪ್ರದರ್ಶಕ ಕಲೆಗಳ ರಾಷ್ಟ್ರೀಯ ಕೇಂದ್ರ, ಅಂದರೆ ಎನ್‌ಸಿಪಿಎ ಶುರು ಮಾಡಿದರು. ನರಿಮನ್ ಪಾಯಿಂಟ್‌ನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ, ಸಮುದ್ರ ತುಂಬಿಸಿ ನೆಲ ಮಾಡಿಕೊಂಡರು! 1980ರಲ್ಲಿ ಟಾಟಾ ಥಿಯೇಟರ್ ತೆರೆಯಿತು. ಮೈಕ್ ಇಲ್ಲದೆಯೂ ಸಂಗೀತ ಕೇಳಬೇಕು ಅಂತಲೇ ಕಟ್ಟಿಸಿದ್ದು. ಆಮೇಲೆ ಇನ್ನೂ ದೊಡ್ಡದೊಂದಕ್ಕೆ ಕೈ ಹಾಕಿದರು. ಅದು ಮುಗಿಯುವ ಮೊದಲೇ, 1997ರಲ್ಲಿ, ಬೆಂಕಿ ಬಿತ್ತು.

“ಆಗ ಅವರಿಗೆ 83 ವರ್ಷ. ಆ ವಯಸ್ಸಲ್ಲಿ ಯಾರಾದ್ರೂ ಇನ್ನು ಸಾಕಪ್ಪ ಅಂತಾರೆ, ಅಲ್ವಾ? ಇವರು ಮತ್ತೆ ಕಟ್ಟಿಸಿದರು. 1999ರಲ್ಲಿ ಬಾಗಿಲು ತೆರೆಯಿತು” ಅಂದರು ಮಾಮ.

ನನಗೆ ಸಿಟ್ಟು ಬಂತು. “ಅವರ ಹಿಂದೆ ಟಾಟಾ ಇತ್ತು ಮಾಮ, ನಮ್ಮ ಹಿಂದೆ ಯಾರಿದ್ದಾರೆ?” ಅಂತ ಕಿರುಚಿದೆ. ಅತ್ತುಬಿಟ್ಟೆ ಕೂಡ. ಎರಡು ಮಕ್ಕಳ ತಾಯಿ, ನಡುಬೀದಿಯಲ್ಲಿ ಕೂತು. ಮಾಮ ಉತ್ತರ ಕೊಡಲಿಲ್ಲ. ಬೆಳಗಾದಾಗ ಚಹಾ ತಂದುಕೊಟ್ಟರು. ಬೂದಿಯೊಳಗಿಂದ ಎರಡು ಸ್ಪಾಟ್‌ಲೈಟ್ ಎಳೆದು, ತಮ್ಮ ಪಂಚೆಯ ತುದಿಯಲ್ಲೇ ಒರೆಸತೊಡಗಿದರು.

ಭಾಭಾ 2007ರಲ್ಲಿ ತೀರಿಕೊಂಡರು. ಮಲಬಾರ್ ಹಿಲ್‌ನ ಮನೆ ‘ಮೆಹರಂಗೀರ್’ ಅನ್ನೂ ಎನ್‌ಸಿಪಿಎಗೇ ಬಿಟ್ಟುಹೋದರು. 2014ರ ಹರಾಜಿನಲ್ಲಿ ಅದಕ್ಕೆ 372 ಕೋಟಿ ರೂಪಾಯಿ ಬಂತು. ಹೋಮಿ ಭಾಭಾ ಬಾಳಿದ ಮನೆ, ಮ್ಯೂಸಿಯಂ ಮಾಡಬೇಕಿತ್ತು ಅಂತ ಮಾಮನಿಗೆ ಇವತ್ತಿಗೂ ತಕರಾರು. ನನಗೆ ಆ ಕೋಟಿಗಳ ಲೆಕ್ಕ ತಲೆಗೆ ಹತ್ತುವುದಿಲ್ಲ. ಈ ವರ್ಷವಿಡೀ ತಲೆಯಲ್ಲಿ ಉಳಿದಿದ್ದು 83 ಅನ್ನುವ ಒಂದೇ ಅಂಕಿ. ನಾನಿನ್ನೂ 41.

ಭಾಭಾ ಅವರನ್ನು ನಾನು ಕಂಡವಳಲ್ಲ. ಆದರೂ ನಿನ್ನೆ ದೀಪ ಹಚ್ಚುವಾಗ ಅವರನ್ನು ನೆನೆದೆ.

ನಿನ್ನೆ ಎರಡನೇ ಅಂಕದಲ್ಲಿ ಅಜ್ಜಿಯ ಮುಖದ ಮೇಲೆ ಒಂದು ಹಳದಿ ಬೆಳಕು ಬಿತ್ತಲ್ಲ? ಅದು ಆ ಎರಡು ಸ್ಪಾಟ್‌ಲೈಟುಗಳಲ್ಲಿ ಒಂದು. ಇನ್ನೊಂದು ಹತ್ತಲಿಲ್ಲ. ಮಾಮ ಅದನ್ನು ಬಿಚ್ಚಿಕೊಂಡು ಕೂತಿದ್ದಾರೆ.